ಉಳದಿರುವುದಕ್ಕೂ ಗೇಣಿ

ನಮ್ಮ ಕಡೆ ಗೇಣಿ ಎಂದರೆ ಉಳುವವನು ಹೊಲದೊಡೆಯನಿಗೆ ಕೊಡುವುದು. ಪಶ್ಚಿಮ ಕಾನ್ಸಾಸ್‌ನಲ್ಲಿ ರೈತರ ತೆರಿಗೆ ಲೆಕ್ಕ ಬರೆಯಲು ಕುಳಿತ ಮೊದಲ ವರ್ಷವೇ ತಲೆಕೆಳಗಾದ ಗೇಣಿಯೊಂದನ್ನು ಕಂಡೆ. ಈ ಹೊಲವನ್ನು ಉಳಬೇಡಿ ಎಂದು ಅಮೆರಿಕ ಸರ್ಕಾರವೇ ಒಡೆಯನಿಗೆ ವರ್ಷವರ್ಷವೂ ಹಣ ಕೊಡುತ್ತದೆ. ಹೆಸರು ಕನ್ಸರ್ವೇಷನ್ ರಿಸರ್ವ್ ಪ್ರೋಗ್ರಾಂ. ಎಲ್ಲರ ಬಾಯಲ್ಲೂ ಸಿಆರ್‌ಪಿ. 1985ರ ಕೃಷಿ ಕಾಯ್ದೆಯಲ್ಲಿ ಹುಟ್ಟಿದ್ದು. 1930ರ ದಶಕದಲ್ಲಿ ಇದೇ ಬಯಲಿನ ಮೇಲ್ಮಣ್ಣು ದೂಳಿನ ಮೋಡವಾಗಿ ಎದ್ದುಹೋದದ್ದನ್ನು ಅಜ್ಜಂದಿರಿಂದ ಕೇಳಿ ಬೆಳೆದವರಿಗೆ ಅದರ ಉದ್ದೇಶವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರಾರನ್ನು ಮಾತ್ರ ಹೇಳಲೇಬೇಕು.

ಇದನ್ನು ಸಬ್ಸಿಡಿ ಎಂದು ಕರೆಯುವುದೇ ತಪ್ಪು ಎನ್ನುವವನು ನಾನು. ಸಬ್ಸಿಡಿ ಎಂದೊಡನೆ ಕೈಗೆ ಬಂದದ್ದು ನಮ್ಮದಾಯಿತು ಎಂಬ ಧೈರ್ಯ ಬಂದುಬಿಡುತ್ತದೆ. ಸಿಆರ್‌ಪಿ 10ರಿಂದ 15 ವರ್ಷದ ಒಪ್ಪಂದ. ಹುಲ್ಲು ಬಿತ್ತಬೇಕು, ಅದನ್ನು ಉಳಿಸಿಕೊಳ್ಳಬೇಕು. ಬಿತ್ತನೆಯ ಖರ್ಚಿನಲ್ಲಿ ಅರ್ಧದವರೆಗೆ ಸರ್ಕಾರ ಭರಿಸುತ್ತದೆ. ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಆ ಹುಲ್ಲಿಗೆ ಕತ್ತರಿ ತಾಗಿಸುವಂತಿಲ್ಲ.

ಗೋಧಿಯ ಬೆಲೆ ಏರಿದ ವರ್ಷ ನನ್ನ ಫೋನ್‌ಗೆ ಬಿಡುವಿರುವುದಿಲ್ಲ. ‘ಕರಾರು ಬಿಟ್ಟು ಉಳುಮೆ ಮಾಡಿದರೆ ಏನಾಗುತ್ತದೆ?’ ಎಂದು ಕೇಳುತ್ತಾರೆ. ಕಾಗದದ ಮೇಲೆ ಬರೆದು ತೋರಿಸುತ್ತೇನೆ. 160 ಎಕರೆ, ಎಕರೆಗೆ 40 ಡಾಲರ್ ಎಂದುಕೊಳ್ಳಿ, ವರ್ಷಕ್ಕೆ 6,400. ಏಳನೆಯ ವರ್ಷದಲ್ಲಿ ಕರಾರು ಮುರಿದರೆ ಆರು ವರ್ಷ ಪಡೆದ 38,400 ಡಾಲರನ್ನು ಹಿಂದಿರುಗಿಸಬೇಕು. ಜೊತೆಗೆ ಒಂದು ವರ್ಷದ ಗೇಣಿಯ ಶೇಕಡಾ 25, ಅಂದರೆ 1,600, ದಂಡ. ಒಟ್ಟು 40,000, ಬಡ್ಡಿ ಬೇರೆ. ಅಷ್ಟು ಹೊತ್ತಿಗೆ ಗೋಧಿಯ ಮಾತು ತಾನಾಗಿಯೇ ನಿಂತುಹೋಗುತ್ತದೆ.

ತೆರಿಗೆಯ ವಿಷಯ ಚುಟುಕಾಗಿ: ಸ್ವತಃ ಬೇಸಾಯ ಮಾಡುತ್ತಿರುವವರ ಸಿಆರ್‌ಪಿ ಹಣಕ್ಕೆ ಸ್ವಉದ್ಯೋಗ ತೆರಿಗೆಯೂ (ಸ್ವಂತ ದುಡಿಮೆಯವರು ಸೋಷಿಯಲ್ ಸೆಕ್ಯುರಿಟಿ ಮುಂತಾದವಕ್ಕೆ ಕಟ್ಟುವುದು) ಬೀಳುತ್ತದೆ. ಸೋಷಿಯಲ್ ಸೆಕ್ಯುರಿಟಿಯ ನಿವೃತ್ತಿ ವೇತನ ಪಡೆಯುತ್ತಿರುವವರಿಗೆ ಅದರಿಂದ ವಿನಾಯಿತಿ ಇದೆ.

ಒಂದು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಸಾಗುವಳಿ ನೆಲದಲ್ಲಿ ಶೇಕಡಾ 25ಕ್ಕಿಂತ ಹೆಚ್ಚನ್ನು ಸಾಮಾನ್ಯವಾಗಿ ಹೀಗೆ ಬೀಳು ಬಿಡುವಂತಿಲ್ಲ. ಹೊಲದೊಡೆಯರು ಗೊಣಗುತ್ತಾರೆ. ನನಗೆ ಈ ಮಿತಿ ಸರಿಯೆನಿಸುತ್ತದೆ. ಉಳದ ಹೊಲಕ್ಕೆ ಬೀಜ ಬೇಡ, ಗೊಬ್ಬರ ಬೇಡ, ಟ್ರ್ಯಾಕ್ಟರ್ ರಿಪೇರಿಯೂ ಬೇಡ. ಚೆಕ್ಕು ಬರುವುದು ಹೊಲದೊಡೆಯನಿಗೆ; ಅವನು ದೂರದ ನಗರದಲ್ಲಿದ್ದರೆ ಆ ಹಣ ಊರಿನ ಅಂಗಡಿಯ ಮುಖವನ್ನೂ ನೋಡುವುದಿಲ್ಲ.

ದನ ಸಾಕುವವರು ನನ್ನ ಬಳಿ ಹೆಚ್ಚಾಗಿ ಬರುವುದು ಇಕ್ವಿಪ್ ಎಂಬ ಇನ್ನೊಂದು ಸರ್ಕಾರಿ ಯೋಜನೆಗೆ. ಹುಲ್ಲುಗಾವಲನ್ನು ಬೇಲಿಯಿಂದ ಪಾಲು ಮಾಡಿ, ಒಂದೊಂದು ಪಾಲಿಗೂ ನೀರಿನ ತೊಟ್ಟಿ ಇಟ್ಟು, ದನಗಳನ್ನು ಸರದಿಯಂತೆ ಮೇಯಿಸುವುದಕ್ಕೆ ಇದು ಖರ್ಚಿನ ಒಂದು ಪಾಲನ್ನು ಕೊಡುತ್ತದೆ. ಇಲ್ಲಿ ಎಡವುವುದು ತಾರೀಕಿನಲ್ಲಿ. ಒಪ್ಪಂದಕ್ಕೆ ಎರಡೂ ಕಡೆಯ ಸಹಿ ಬೀಳುವ ಮುಂಚೆ ಕೆಲಸ ಶುರುವಾದರೆ ಅದಕ್ಕೆ ಹಣವಿಲ್ಲ. ತುರ್ತಿದ್ದರೆ ವಿನಾಯಿತಿ ಕೇಳಬಹುದು, ಆದರೆ ಅದನ್ನೂ ಗುದ್ದಲಿ ಹಾಕುವ ಮುಂಚೆಯೇ ಕೇಳಬೇಕು.

ಹೋದ ಬಾರಿ ಹಿರಿಯರೊಬ್ಬರು ಶೂ ಡಬ್ಬಿಯ ತುಂಬ ಬಿಲ್ಲು ತಂದಿದ್ದರು. ನೀರಿನ ಕೊಳವೆ ಹೂಳಲು ನೆಲ ತೋಡಿಸಿದ ಬಿಲ್ಲಿನ ತಾರೀಕು ಒಪ್ಪಂದಕ್ಕಿಂತ ಒಂಬತ್ತು ದಿನ ಹಿಂದಿನದು. ಎರಡು ಬಾರಿ ನೋಡಿ ಅವರತ್ತ ಸರಿಸಿದೆ. ಕನ್ನಡಕ ಏರಿಸಿಕೊಂಡು ಓದಿದರು.

‘ಪಕ್ಕದ ಹೊಲಕ್ಕೆ ಯಂತ್ರ ಬಂದಿತ್ತು. ಬಾಡಿಗೆ ಉಳಿಯುತ್ತದಲ್ಲ ಎಂದು ಅವತ್ತೇ ತೋಡಿಸಿಬಿಟ್ಟೆ’ ಎಂದರು.