ಕೊರಿಯಾದ ಕಿಮ್‌ಗಳೆಲ್ಲ ಸಂಬಂಧಿಕರಾ?

ಪ್ರಶ್ನೆ: ಕೊರಿಯನ್ ಸೀರಿಯಲ್ ನೋಡೋಕೆ ಕೂತರೆ ಹೀರೋ ಕಿಮ್, ಅವನ ಬಾಸ್ ಕಿಮ್, ಪಕ್ಕದ ಮನೆಯವರೂ ಕಿಮ್. ಉಳಿದವರು ಲೀ, ಇಲ್ಲಾಂದ್ರೆ ಪಾರ್ಕ್. ಇವರೆಲ್ಲ ಒಂದೇ ವಂಶದವರಾ? ಹಾಗಾದ್ರೆ ಮದುವೆ ಹೇಗೆ ಮಾಡ್ಕೋತಾರೆ?

ಉತ್ತರ: ಒಂದೇ ವಂಶದವರಲ್ಲ. ಆದರೆ ನಿಮ್ಮ ಎರಡನೇ ಪ್ರಶ್ನೆ ತಮಾಷೆಯದಲ್ಲ. ಅದು ಕೊರಿಯಾದ ಸಂವಿಧಾನ ನ್ಯಾಯಾಲಯದವರೆಗೂ ಹೋಗಿತ್ತು.

ದಕ್ಷಿಣ ಕೊರಿಯಾದ 2015ರ ಜನಗಣತಿ ಪ್ರಕಾರ ನೂರು ಜನರಲ್ಲಿ 21ಕ್ಕೂ ಜಾಸ್ತಿ ಮಂದಿ ಕಿಮ್, ಸುಮಾರು 15 ಮಂದಿ ಲೀ, 8 ಮಂದಿ ಪಾರ್ಕ್. ಕಿಮ್‌ಗಳೇ ಒಂದು ಕೋಟಿ ದಾಟುತ್ತಾರೆ.

ಇವು ಮೂರೂ ರಾಜಮನೆತನಗಳ ಹೆಸರು. ಸಿಲ್ಲಾ ಮತ್ತು ಗಾಯ ರಾಜ್ಯಗಳನ್ನು ಆಳಿದವರಲ್ಲಿ ಕಿಮ್‌ಗಳಿದ್ದರು. ಸಿಲ್ಲಾದ ಮೊದಲ ರಾಜ ಪಾರ್ಕ್ ಮನೆತನದವನು ಅನ್ನುತ್ತದೆ ಐತಿಹ್ಯ. 1392ರಿಂದ 1910ರವರೆಗೆ ಆಳಿದ ಜೋಸನ್ ದೊರೆಗಳು ಲೀಗಳು. ಹಾಗಂತ ಇವತ್ತಿನ ಕೋಟಿ ಕಿಮ್‌ಗಳೆಲ್ಲ ರಾಜರ ಮರಿಮಕ್ಕಳೇನಲ್ಲ. ಹಿಂದೆ ಬಹಳಷ್ಟು ಬಡವರಿಗೆ, ಅದರಲ್ಲೂ ನೋಬಿಗಳು ಅಂತ ಕರೆಸಿಕೊಳ್ಳುತ್ತಿದ್ದ ಜೀತದವರಿಗೆ, ಸರ್‌ನೇಮೇ ಇರಲಿಲ್ಲ. ಅದು ಮೇಲಿನವರ ಸೊತ್ತು.

ಈ ಬೇಲಿ ಮುರಿದದ್ದು ದುಡ್ಡಿನಿಂದ. 1592ರಲ್ಲಿ ಜಪಾನ್ ದಂಡೆತ್ತಿ ಬಂದಾಗ ಜೋಸನ್ ಸರ್ಕಾರದ ಬೊಕ್ಕಸ ಬರಿದಾಯಿತು. ಆಗ ಸರ್ಕಾರವೇ ಪದವಿಯ ಪತ್ರಗಳನ್ನು ಮಾರೋಕೆ ಶುರುಮಾಡಿತು. ಪತ್ರದಲ್ಲಿ ಹುದ್ದೆ ಬರೆದಿರುತ್ತಿತ್ತು, ಹೆಸರಿನ ಜಾಗ ಮಾತ್ರ ಖಾಲಿ. ಧಾನ್ಯ ಕೊಟ್ಟವರು ಅಲ್ಲಿ ತಮ್ಮ ಹೆಸರು ತುಂಬಿಸಿಕೊಳ್ಳಬಹುದಿತ್ತು. ಮುಂದೆ ಜೊಕ್ಬೊಗಳೂ, ಅಂದರೆ ವಂಶಾವಳಿ ಪುಸ್ತಕಗಳೂ, ಮಾರಾಟಕ್ಕೆ ಬಂದವು. ಕೈಯಲ್ಲಿ ನಾಲ್ಕು ಕಾಸು ಮಾಡಿಕೊಂಡವನು ದೊಡ್ಡ ಮನೆತನದ ಪುಸ್ತಕದೊಳಗೆ ತನ್ನ ಅಪ್ಪ, ಅಜ್ಜನ ಹೆಸರು ಸೇರಿಸಿಬಿಡುತ್ತಿದ್ದ. ಬರೀ ದೊಡ್ಡಸ್ತಿಕೆಗಲ್ಲ. ಯಾಂಗ್ಬಾನ್, ಅಂದರೆ ಮೇಲ್ವರ್ಗದವರು ಅನ್ನಿಸಿಕೊಂಡರೆ ಸೈನ್ಯದ ತೆರಿಗೆಯೂ ತಪ್ಪುತ್ತಿತ್ತು.

1894ರಲ್ಲಿ ಹುಟ್ಟಿನ ಮೇಲಿನ ದರ್ಜೆಗಳನ್ನು ಕಾನೂನಿನಲ್ಲಿ ತೆಗೆದುಹಾಕಿದರು. 1909ರ ನೋಂದಣಿ ಕಾನೂನು ಬಂದ ಮೇಲೆ ಎಲ್ಲರೂ ಸರ್‌ನೇಮ್ ಬರೆಸಲೇಬೇಕಾಯಿತು. ಕೆಲವರು ಹಳೇ ಯಜಮಾನನದ್ದು ಬರೆಸಿದರು, ಕೆಲವರು ಊರಲ್ಲಿ ಹೆಚ್ಚಾಗಿದ್ದದ್ದನ್ನು. ಆರಿಸಿಕೊಳ್ಳೋಕೆ ಬಿಟ್ಟರೆ ಯಾರು ತಾನೇ ಹೆಸರಿಲ್ಲದ ಮನೆತನ ಹುಡುಕಿಕೊಂಡು ಹೋಗ್ತಾರೆ? ಕಿಮ್, ಲೀ, ಪಾರ್ಕ್‌ಗಳು ಬೆಳೆಯುತ್ತಲೇ ಹೋದವು.

ಹೀಗಾಗಿ ಬರೀ ಕಿಮ್ ಅಂದರೆ ಅಲ್ಲಿನವರಿಗೆ ಏನೂ ಹೇಳಿದಂತಾಗುವುದಿಲ್ಲ. ಯಾವ ಊರಿನ ಕಿಮ್ ಅನ್ನೋದು ಮುಖ್ಯ. ಈ ಮೂಲದ ಊರಿಗೆ ಬೊನ್‌ಗ್ವಾನ್ ಅಂತಾರೆ. ಗಿಮ್ಹೇ ಕಿಮ್‌ಗಳು ಬೇರೆ, ಗ್ಯೊಂಗ್ಜು ಕಿಮ್‌ಗಳು ಬೇರೆ. ಆಂಡೊಂಗ್ ಕಿಮ್ ಅಂತ ಹೇಳಿಕೊಳ್ಳುವವರಲ್ಲೇ ಹಳೆಯದು, ಹೊಸದು ಅಂತ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕುಲಗಳಿವೆ. ಆ ಊರಲ್ಲಿ ಈಗ ವಾಸ ಇರಬೇಕಾಗಿಲ್ಲ, ಕಾಲಿಡದೇ ಇದ್ದರೂ ನಡೆಯುತ್ತೆ.

ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು 40 ಲಕ್ಷ ದಾಟಿದ ಗಿಮ್ಹೇ ಕಿಮ್ ಕುಲ. ಅವರ ಮೂಲಪುರುಷ ಗಾಯದ ರಾಜ ಸುರೊ. ಅವನ ರಾಣಿ ಹೊ ಹ್ವಾಂಗ್ ಓಕ್ 'ಅಯುತ' ಅನ್ನೋ ದೇಶದಿಂದ ಹಡಗಿನಲ್ಲಿ ಬಂದವಳು ಅಂತ 13ನೇ ಶತಮಾನದ ಗ್ರಂಥವೊಂದರಲ್ಲಿದೆ. ಅದು ನಮ್ಮ ಅಯೋಧ್ಯೆ ಅಂತ ನಂಬಿದವರು 2001ರಲ್ಲಿ ಅಲ್ಲೊಂದು ಸ್ಮಾರಕ ಕಟ್ಟಿಸಿದರು. ಕಥೆ ಚೆನ್ನಾಗಿದೆ, ಗಟ್ಟಿ ಪುರಾವೆ ಇಲ್ಲ. ಆದರೆ ಅದರ ಬಿಸಿ ಮದುವೆ ಮಾತುಕತೆಗೆ ತಟ್ಟುತ್ತಿತ್ತು. ರಾಣಿಯ ಮಕ್ಕಳಲ್ಲಿ ಕೆಲವರು ತಾಯಿಯ ಹೆಸರು 'ಹೊ' ಇಟ್ಟುಕೊಂಡರಂತೆ. ಹಾಗಾಗಿ ಗಿಮ್ಹೇ ಕಿಮ್, ಗಿಮ್ಹೇ ಹೊ ಕುಲಗಳು ಅಣ್ಣತಮ್ಮಂದಿರ ಲೆಕ್ಕ, ಹೆಣ್ಣು ಕೊಟ್ಟು ತರುವ ಹಾಗಿಲ್ಲ ಅನ್ನೋದು ಹಳೇ ಪದ್ಧತಿ.

ನಮ್ಮಲ್ಲಿ ಸಗೋತ್ರದ ಮಾತು ಬರುತ್ತಲ್ಲ, ಥೇಟ್ ಅದೇ. ಸಗೋತ್ರ ಅನ್ನೋ ಕಾರಣಕ್ಕೆ ಮದುವೆ ಅಸಿಂಧು ಆಗೋದಿಲ್ಲ ಅಂತ ನಮ್ಮಲ್ಲಿ 1946ರಲ್ಲೇ ಕಾನೂನು ಬಂತು. ಕೊರಿಯಾದಲ್ಲಿ ಆದದ್ದು ಉಲ್ಟಾ. 1960ರಲ್ಲಿ ಜಾರಿಗೆ ಬಂದ ಅವರ ಸಿವಿಲ್ ಕಾನೂನಿನ 809ನೇ ಕಲಮು, ಸರ್‌ನೇಮೂ ಬೊನ್‌ಗ್ವಾನೂ ಒಂದೇ ಆಗಿದ್ದರೆ ಮದುವೆ ಕೂಡದು ಅಂತ ಬರೆದೇ ಇಟ್ಟಿತು. ಹುಡುಗ ಸೋಲ್‌ನವನು, ಹುಡುಗಿ ಬುಸಾನ್‌ನವಳು, ಮನೆಯವರು ಯಾವತ್ತೂ ಮುಖ ನೋಡಿದವರಲ್ಲ. ಇಬ್ಬರೂ ಗಿಮ್ಹೇ ಕಿಮ್ ಅಂದರೆ ಮುಗೀತು, ಕಚೇರಿಯಲ್ಲಿ ಮದುವೆ ನೋಂದಣಿ ಆಗುತ್ತಿರಲಿಲ್ಲ. ಲಕ್ಷಗಟ್ಟಲೆ ಜನ ಇರೋ ಕುಲದಲ್ಲಿ, ಅದೂ ಎಷ್ಟೋ ಜನ ಹೆಸರನ್ನು ಕೊಂಡುಕೊಂಡಿದ್ದ ಕುಲದಲ್ಲಿ, ಇದೆಂಥ ರಕ್ತಸಂಬಂಧ?

ಒಟ್ಟಿಗೆ ಬಾಳುತ್ತಿದ್ದ ಇಂಥ ಜೋಡಿಗಳು ಜಾಸ್ತಿಯಾದಾಗ ಸರ್ಕಾರ 1978, 1988, 1996ರಲ್ಲಿ ಒಂದೊಂದು ವರ್ಷದ ವಿನಾಯಿತಿ ಕೊಟ್ಟಿತು. ಆ ವರ್ಷ ಬಂದು ನೋಂದಾಯಿಸಿಕೊಂಡವರು ಬಚಾವ್, ಉಳಿದವರು ಮುಂದಿನ ಸಲಕ್ಕೆ ಕಾಯಬೇಕು. ನನಗಂತೂ ಇದು ಆ ಕಲಮಿಗಿಂತ ವಿಚಿತ್ರ. ತಪ್ಪು ಅಂತ ಗೊತ್ತಿದ್ದೂ ಕಾನೂನು ತೆಗೆಯದೆ, ಹತ್ತು ವರ್ಷಕ್ಕೊಮ್ಮೆ ಬಾಗಿಲು ತೆಗೆದು ಮತ್ತೆ ಹಾಕಿಕೊಂಡರು. ಕನ್‌ಫ್ಯೂಷಿಯಸ್ ಸಂಪ್ರದಾಯದ ಹಿರಿಯರ ವಿರೋಧ ಅಷ್ಟು ಜೋರಾಗಿತ್ತು. ಕೊನೆಗೆ 1997ರಲ್ಲಿ ಸಂವಿಧಾನ ನ್ಯಾಯಾಲಯ ಈ ಕಲಮು ಸಂವಿಧಾನಕ್ಕೆ ಹೊಂದುವುದಿಲ್ಲ ಅಂದಿತು. 2005ರಲ್ಲಿ ಸಂಸತ್ತು ಕಾನೂನು ಬದಲಿಸಿತು.

ಈಗ ನೋಡುವುದು ಹತ್ತಿರದ ಸಂಬಂಧವನ್ನು ಮಾತ್ರ. ಅದನ್ನು ಚೊನ್ ಲೆಕ್ಕದಲ್ಲಿ ಎಣಿಸುತ್ತಾರೆ. ಅಪ್ಪ ಅಮ್ಮ 1 ಚೊನ್, ಒಡಹುಟ್ಟಿದವರು 2, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು 4. ರಕ್ತಸಂಬಂಧ 8 ಚೊನ್‌ವರೆಗೆ ಇದ್ದರೆ ಮದುವೆ ಇಲ್ಲ. ಹಾಂ, ಸೋದರಮಾವನ ಮಗಳೂ 4 ಚೊನ್. ನಮ್ಮ ಕಡೆಯ ಎಷ್ಟೋ ಮದುವೆಗಳು ಅಲ್ಲಿ ನಡೆಯೋದೇ ಇಲ್ಲ!

ಮದುವೆಯಾದ ಮೇಲೆ ಹೆಂಡತಿ ಸರ್‌ನೇಮ್ ಬದಲಿಸುವುದಿಲ್ಲ. ಮಕ್ಕಳಿಗೆ ಸಾಮಾನ್ಯವಾಗಿ ಅಪ್ಪನದೇ ಬರುತ್ತೆ. 2008ರಿಂದ, ಮದುವೆ ನೋಂದಣಿ ಹೊತ್ತಲ್ಲೇ ಇಬ್ಬರೂ ಒಪ್ಪಿ ಬರೆಸಿದರೆ ಅಮ್ಮನದೂ ಇಡಬಹುದು. ಹೊಸ ಕುಲ ಶುರುಮಾಡಿದವರೂ ಇದ್ದಾರೆ. ಜರ್ಮನಿಯಲ್ಲಿ ಹುಟ್ಟಿ ಕೊರಿಯಾದ ಪೌರತ್ವ ಪಡೆದ ಲೀ ಚಾಮ್, ಮುಂದೆ ಅಲ್ಲಿನ ಪ್ರವಾಸೋದ್ಯಮ ಸಂಸ್ಥೆಯ ಮುಖ್ಯಸ್ಥರಾದವರು, ತಮ್ಮ ಬೊನ್‌ಗ್ವಾನ್ ಜರ್ಮನಿ ಅಂತಲೇ ಬರೆಸಿದರು.

ಇಷ್ಟೊಂದು ಕಿಮ್‌ಗಳ ನಡುವೆ ಗೊಂದಲ ಆಗಲ್ವಾ ಅಂದರೆ, ಬರೀ ಕಿಮ್ ಅಂತ ಅಲ್ಲಿ ಯಾರೂ ಕರೆಯುವುದೇ ಇಲ್ಲ, ಅದು ಒರಟು. ಆಫೀಸಿನಲ್ಲಾದರೆ ಹುದ್ದೆ ಸೇರಿಸಿ 'ಕಿಮ್ ಬುಜಾಂಗ್‌ನಿಮ್' ಅಂತಾರೆ, ಅಂದರೆ ವಿಭಾಗದ ಮುಖ್ಯಸ್ಥರಾದ ಕಿಮ್ ಅವರು. ಕೊರಿಯನ್ ಕಂಪನಿ ಜೊತೆ ವ್ಯವಹಾರ ಇರೋರು ಮೇಲ್ ಬರೆಯುವಾಗ ಸುಮ್ನೆ ಮಿಸ್ಟರ್ ಕಿಮ್ ಅನ್ನಬೇಡಿ. ಸರ್‌ನೇಮ್ ಮೊದಲಿಟ್ಟು ಪೂರ್ತಿ ಹೆಸರು, ಪಕ್ಕದಲ್ಲಿ ಹುದ್ದೆ ಬರೆಯಿರಿ.