ಮೊಟ್ಟೆ ಕೊಟ್ಟು ಚಹಾ ತಂದರೆ ಅದು ವಸ್ತು ವಿನಿಮಯವೇ?

ಪ್ರಶ್ನೆ: ಹಿಂದಿನ ಕಾಲದ ಐರ್ಲೆಂಡಿನ ಹಳ್ಳಿಗಳಲ್ಲಿ ಹಣದ ಬಳಕೆಯೇ ಇರಲಿಲ್ಲ, ಎಲ್ಲವೂ ವಸ್ತು ವಿನಿಮಯದಿಂದ ನಡೆಯುತ್ತಿತ್ತು ಎನ್ನುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕ ತಪ್ಪಿರುವುದರಿಂದ ಈ ಸಲ ಗೇಣಿಯಿಂದಲೇ ಆರಂಭಿಸುತ್ತೇನೆ. ಹತ್ತೊಂಬತ್ತನೆಯ ಶತಮಾನದ ಐರಿಷ್ ರೈತರಲ್ಲಿ ಹೆಚ್ಚಿನವರು ಗೇಣಿದಾರರು. ಅವರು ಜಮೀನ್ದಾರನಿಗೆ ಗೇಣಿಯನ್ನು ಸಾಮಾನ್ಯವಾಗಿ ಪೌಂಡು, ಷಿಲ್ಲಿಂಗುಗಳಲ್ಲಿಯೇ ಸಲ್ಲಿಸಬೇಕಿತ್ತು. ಆಲೂಗಡ್ಡೆ ಮನೆಯವರ ಹೊಟ್ಟೆಗಾದರೆ, ಅದರ ಸಿಪ್ಪೆಯನ್ನೂ ಸಣ್ಣ ಗಡ್ಡೆಗಳನ್ನೂ ತಿಂದು ಕೊಬ್ಬಿದ ಹಂದಿ ಸಂತೆಗೆ. ಅದಕ್ಕೆ ‘ಗೇಣಿ ಕಟ್ಟುವ ಮಹಾಶಯ’ ಎಂಬ ಹೆಸರು ಬಿದ್ದದ್ದು ಬರಿಯ ತಮಾಷೆಗಲ್ಲ. ಕೆರ್ರಿಯ ರೈತರು ಪೀಪಾಯಿಗಳಲ್ಲಿ ಕಾರ್ಕ್ ನಗರಕ್ಕೆ ಸಾಗಿಸಿದ ಬೆಣ್ಣೆ ಅಲ್ಲಿ ದರ್ಜೆ ಪಡೆದು, ಹಡಗೇರಿ ಕೆರಿಬಿಯನ್ ದ್ವೀಪಗಳವರೆಗೆ ಹೋಗುತ್ತಿತ್ತು.

ಹಾಗಾದರೆ ಈ ತಪ್ಪು ಕಲ್ಪನೆ ಹುಟ್ಟಿದ್ದೆಲ್ಲಿ? ಅಂಗಡಿಯ ಕಟ್ಟೆಯ ಮೇಲೆ. ಗೃಹಿಣಿ ಮೊಟ್ಟೆಯ ಬುಟ್ಟಿ ಇಳಿಸಿ ಚಹಾ, ಸಕ್ಕರೆ, ತಂಬಾಕು ಕಟ್ಟಿಸಿಕೊಂಡು ಹೋಗುತ್ತಿದ್ದಳು, ನಾಣ್ಯ ಕೈಬದಲಾಗುತ್ತಿರಲಿಲ್ಲ. ಆದರೆ ಡಜನ್ ಮೊಟ್ಟೆಗೆ ಇಷ್ಟು ಪೆನ್ಸ್, ಚಹಾಕ್ಕೆ ಇಷ್ಟು ಎಂದು ಬೆಲೆ ಕಟ್ಟಿ, ಉಳಿದ ಬಾಕಿಯನ್ನು ಅಂಗಡಿಯವನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಇದು ಉದ್ರಿ ವ್ಯಾಪಾರ. ಹಣ ಕಣ್ಣಿಗೆ ಬೀಳದಿದ್ದರೂ ಲೆಕ್ಕವೆಲ್ಲ ಹಣದ್ದೇ. ಹಣವಿಲ್ಲದ ಊರಿನಲ್ಲಿ ಬಡ್ಡಿ ಹುಟ್ಟುವುದಿಲ್ಲವಷ್ಟೆ? ಅಲ್ಲಿಯ ಜನ ಸಾಲ ಕೊಟ್ಟು ಸುಲಿಯುವ ಅಂಗಡಿಯವನನ್ನು ಬೈಯುತ್ತಿದ್ದ ‘ಗೊಂಬೀನ್’ ಎಂಬ ಮಾತೇ ಬಡ್ಡಿಯೆಂಬ ಅರ್ಥದ ಐರಿಷ್ ಪದದಿಂದ ಬಂದದ್ದು. 1906ರಲ್ಲಿ ಡೊನೆಗಾಲ್‌ನಲ್ಲಿ ಪ್ಯಾಟ್ರಿಕ್ ಗ್ಯಾಲಗರ್ ಮುಂದಾಳತ್ವದಲ್ಲಿ ಟೆಂಪಲ್‌ಕ್ರೋನ್ ಸಹಕಾರ ಸಂಘ ಹುಟ್ಟಿದ್ದು ಇಂಥವರ ಹಿಡಿತ ತಪ್ಪಿಸುವುದಕ್ಕೇ. ನೆರೆಹೊರೆಯವರು ಕೊಯ್ಲಿಗೆ ಪರಸ್ಪರ ಒದಗುವ, ನಮ್ಮ ಮುಯ್ಯಾಳಿನಂಥ ಪದ್ಧತಿ ಅಲ್ಲಿಯೂ ಇತ್ತು, ಒಪ್ಪುತ್ತೇನೆ; ಆದರೆ ಅದನ್ನು ವ್ಯಾಪಾರವೆಂದು ಎಣಿಸಿದವರು ಯಾರು?

ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ: ದನ ಮಾರಿದವನು ಕೊಂಡವನಿಗೆ ಒಂದಿಷ್ಟು ಹಣ ಹಿಂದಿರುಗಿಸುತ್ತಿದ್ದುದೇಕೆ? ಪಟ್ಟಣದ ಬೀದಿಯಲ್ಲೇ ಸೇರುತ್ತಿದ್ದ ದನದ ಸಂತೆಯಲ್ಲಿ, ಜಗ್ಗಾಟ ನಿಂತುಹೋಗುವ ಹೊತ್ತಿಗೆ ದಲ್ಲಾಳಿ ಇಬ್ಬರ ಕೈಗಳನ್ನೂ ಎಳೆದು ಸೇರಿಸುತ್ತಿದ್ದ. ಅಂಗೈಗೆ ಅಂಗೈ ತಟ್ಟಿದರೆ ವ್ಯಾಪಾರ ಕುದುರಿದಂತೆ. ಹಣ ಎಣಿಸಿಕೊಂಡ ಮೇಲೆ ಮಾರಿದವನು ಅದರಲ್ಲೊಂದಿಷ್ಟನ್ನು ‘ಅದೃಷ್ಟದ ಕಾಸು’ ಎಂದು ಕೊಂಡವನಿಗೆ ಮರಳಿಸಬೇಕಿತ್ತು. ಕೊಡದಿದ್ದರೆ ದನಕ್ಕೆ ಒಳಿತಾಗದೆಂಬ ನಂಬಿಕೆ. ನಂಬಿಕೆಯ ಮಾತು ಹಾಗಿರಲಿ, ಆ ಕಾಸೆಷ್ಟು ಎಂಬುದಕ್ಕೂ ಚೌಕಾಸಿ ನಡೆಯುತ್ತಿತ್ತು. 1950ರ ದಶಕದಿಂದ ಹರಾಜು ಕಟ್ಟೆಗಳು ಬೀದಿಯ ಸಂತೆಗಳನ್ನು ನುಂಗಿದವು, ಆದರೆ ಈ ಕಾಸನ್ನು ಕೇಳುವವರು ಅಲ್ಲಿಗೂ ಬಂದರು.