ಸಾಲಾವಳಿ ಕೂಡಿದ ಮಾತ್ರಕ್ಕೆ ಪ್ರೀತಿ ಆಯಿತಾ?

ಕಳೆದ ವರ್ಷ ಎಡಿಟ್ ಮಾಡಲು ಕೈಗೆ ಬಂದ ಒಂದು ಪ್ರೇಮ ಕಾದಂಬರಿಯ ಹಸ್ತಪ್ರತಿ. ನಾಯಕ ಬೇರೆ ಗ್ರಹದವನು. 31ನೇ ಪುಟದಲ್ಲಿ ನಾಯಕನ ಎದೆಯ ಮೇಲಿನ ಗುರುತು ಹೊಳೆಯಿತು. ಇವಳೇ ತನ್ನ ಜೋಡಿ ಅಂತ ಅವನಿಗೆ ಗೊತ್ತಾಯಿತು. ಅವಳ ಮೈಯೂ ಜುಮ್ಮೆಂದಿತು. 38ನೇ ಪುಟಕ್ಕೆ ಇಬ್ಬರೂ ಒಂದೇ ಹೊದಿಕೆಯ ಕೆಳಗಿದ್ದರು. ಅಲ್ಲಿಂದ ಮುಂದೆ ಇನ್ನೂ ಮುನ್ನೂರು ಪುಟ. ಅದರಲ್ಲಿ ಯುದ್ಧ ಇತ್ತು, ನೌಕೆಗಳಿದ್ದವು, ಒಬ್ಬ ಕೆಟ್ಟ ಸೇನಾಪತಿ ಇದ್ದ. ಪ್ರೀತಿ ಮಾತ್ರ ಇರಲಿಲ್ಲ. ಅದರ ತೀರ್ಮಾನ 31ನೇ ಪುಟದಲ್ಲೇ ಆಗಿಹೋಗಿತ್ತಲ್ಲ!

ನಾನು ಮೈಸೂರಿನಲ್ಲಿ ಕೂತು ಅಮೆರಿಕದ ಲೇಖಕಿಯರ ಕಾದಂಬರಿಗಳನ್ನು ಎಡಿಟ್ ಮಾಡುತ್ತೇನೆ. ಹೆಚ್ಚಿನವರು ತಮ್ಮ ಪುಸ್ತಕವನ್ನು ತಾವೇ ಪ್ರಕಟಿಸುವವರು. ಬರುವುದರಲ್ಲಿ ಪ್ರೇಮ ಕಾದಂಬರಿಗಳೇ ಜಾಸ್ತಿ. ಅದರಲ್ಲೂ ಮುಂದಿನ ಕಾಲದಲ್ಲಿ ನಡೆಯುವ, ಬೇರೆ ಗ್ರಹದ ನಾಯಕ ಇರುವ ಕಾದಂಬರಿಗಳು. ಈಚೆಗೆ ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಬರೆಯುವ ನಮ್ಮ ಹುಡುಗಿಯರೂ "ಮೇಡಂ, ಇಂಥದ್ದನ್ನ ಕನ್ನಡದಲ್ಲಿ ಬರೀಬಹುದಾ?" ಅಂತ ಕೇಳುತ್ತಿದ್ದಾರೆ. ಖಂಡಿತ ಬರೆಯಬಹುದು. ಆದರೆ ಕೂರುವ ಮುಂಚೆ ಒಂದು ವಿಷಯ ತಲೆಯಲ್ಲಿರಲಿ. ನನ್ನ ಲೇಖಕಿಯರಿಗೆ ಅದನ್ನು ಎಷ್ಟು ಸಲ ಹೇಳಿದರೂ ಸಾಲುವುದಿಲ್ಲ.

ಈ ಕಾದಂಬರಿಗಳಲ್ಲಿ 'ವಿಧಿ ಬರೆದ ಜೋಡಿ' ಅನ್ನುವ ಒಂದು ಉಪಾಯ ಇರುತ್ತದೆ. ಏಲಿಯನ್‌ನ ಮೈಯೇ ಅವನ ಸಂಗಾತಿ ಯಾರು ಅಂತ ಹೇಳಿಬಿಡುತ್ತದೆ. ಗುರುತು ಹೊಳೆಯಬಹುದು, ಎದೆ ಗುನುಗಬಹುದು, ಕಣ್ಣಿನ ಬಣ್ಣ ಬದಲಾಗಬಹುದು. ಉಪಾಯ ತಪ್ಪಲ್ಲ. ತಪ್ಪಾಗುವುದು ಆಮೇಲೆ. ಮೈ ಹೇಳಿತು ಅಂದಮೇಲೆ ಅವಳನ್ನು ಕೇಳುವುದು ಏನಿದೆ ಅಂತ ಬರೆಯುವವರು ಮುಂದಕ್ಕೆ ಹೋಗಿಬಿಡುತ್ತಾರೆ.

ನಮಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಸಾಲಾವಳಿ ನೋಡಿ ಬೆಳೆದವರು ನಾವು. ನಮ್ಮ ಅಕ್ಕನಿಗೆ ಗಂಡು ನೋಡುವಾಗ ಜೋಯಿಸರು 36ಕ್ಕೆ 28 ಗುಣ ಕೂಡಿದೆ ಅಂದರು. ಮನೆಯಲ್ಲಿ ಎಲ್ಲರಿಗೂ ಖುಷಿ. ಅಪ್ಪ ಛತ್ರ ವಿಚಾರಿಸಲು ಶುರು ಮಾಡಿದರು. ಅಕ್ಕ ಮಾತ್ರ ಗಂಡಿನ ಹತ್ತಿರ ಐದು ನಿಮಿಷ ಮಾತಾಡಬೇಕು ಅಂತ ಕೂತಳು. ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮನಿಗೆ ಹುಷಾರಿಲ್ಲ ಅಂದ್ರೆ ನಾನು ಬಂದು ತಿಂಗಳುಗಟ್ಟಲೆ ಇರಬಹುದಾ?" ಭಾವ ತಕ್ಷಣ ಹೂಂ ಅನ್ನಲಿಲ್ಲ. "ಮನೇಲಿ ಮಾತಾಡಿ ಹೇಳ್ತೀನಿ" ಅಂದರು. ಅಪ್ಪನಿಗೆ ಮುಖ ಸಣ್ಣದಾಯಿತು. ನಾಲ್ಕು ದಿನ ಬಿಟ್ಟು ಭಾವ ಫೋನ್ ಮಾಡಿ, "ಇರಬಹುದು, ನಾನೇ ಕರ್ಕೊಂಡು ಬಂದು ಬಿಡ್ತೀನಿ" ಅಂದರು. ಅಕ್ಕ ಒಪ್ಪಿದ್ದು ಆಗ. 28 ಗುಣ ಕೂಡಿದ ದಿನ ಅಲ್ಲ.

ಆ ನಾಲ್ಕು ದಿನ ಇದೆಯಲ್ಲ, ಪ್ರೇಮ ಕಾದಂಬರಿ ಅಂದರೆ ಅದೇ. ಗುರುತು ಹೊಳೆಯುವುದು ಜೋಯಿಸರ ಮಾತು. ಇಬ್ಬರನ್ನು ಒಂದು ಜಗಲಿಯಲ್ಲಿ ಕೂರಿಸುವ ತನಕ ಅದರ ಕೆಲಸ. ಅವಳು ಏನು ಕೇಳಿದಳು, ಅವನು ಏನು ಯೋಚಿಸಿದ, ಎಷ್ಟು ದಿನ ತಗೊಂಡ, ಇದನ್ನೆಲ್ಲ ಲೇಖಕಿಯೇ ಬರೆಯಬೇಕು. ಗುರುತು ಬರೆದುಕೊಡುವುದಿಲ್ಲ.

ಹಾಗಂತ ಓದುಗರು ಈ ಉಪಾಯವನ್ನು ಇಷ್ಟಪಡುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಇವನು ಬಿಟ್ಟುಹೋಗುವವನಲ್ಲ ಅನ್ನುವ ಧೈರ್ಯ ಮೊದಲ ಅಧ್ಯಾಯಗಳಲ್ಲೇ ಸಿಗುತ್ತದೆ. ದಿನವಿಡೀ ದುಡಿದು ರಾತ್ರಿ ಪುಸ್ತಕ ಹಿಡಿಯುವ ಹೆಣ್ಣುಮಗಳಿಗೆ ಆ ಧೈರ್ಯ ಸಣ್ಣದಲ್ಲ. ರೂಬಿ ಡಿಕ್ಸನ್ ಅವರ 'ಐಸ್ ಪ್ಲಾನೆಟ್ ಬಾರ್ಬೇರಿಯನ್ಸ್' ನೋಡಿ. 2015ರಲ್ಲಿ ಅವರೇ ಪ್ರಕಟಿಸಿಕೊಂಡ ಪುಸ್ತಕ. 2021ರಲ್ಲಿ ಟಿಕ್‌ಟಾಕ್ ಓದುಗರ ಕೈಗೆ ಸಿಕ್ಕಿ ಎಲ್ಲೆಲ್ಲೂ ಹಬ್ಬಿತು. ಅದೇ ವರ್ಷ ದೊಡ್ಡ ಪ್ರಕಾಶಕರು ಮತ್ತೆ ಅಚ್ಚು ಹಾಕಿದರು. ಅದರಲ್ಲಿ ಹಿಮದ ಗ್ರಹದ ನೀಲಿ ಮೈಯ ಜನ. ಅವರ ಎದೆಯೊಳಗೆ ಒಂದು ಜೀವಿ ಇರುತ್ತದೆ. ಅದಿಲ್ಲದೆ ಆ ಗ್ರಹದಲ್ಲಿ ಬದುಕಲು ಆಗುವುದಿಲ್ಲ. ಜೋಡಿ ಸಿಕ್ಕಾಗ ಅದು ಗುನುಗುತ್ತದೆ.

ನಾಯಕಿಯ ಒಪ್ಪಿಗೆಯ ವಿಷಯದಲ್ಲಿ ಈ ಪುಸ್ತಕದ ಬಗ್ಗೆ ತಕರಾರು ಇರುವವರು ಇದ್ದಾರೆ, ಅವರ ಮಾತಲ್ಲಿ ನ್ಯಾಯವೂ ಇದೆ. ಆದರೂ ಪುಸ್ತಕ ಓದುಗರನ್ನು ಹಿಡಿದಿಡುತ್ತದೆ. ಯಾಕೆ ಅಂತ ನನ್ನ ಲೇಖಕಿಯರು ಗಮನಿಸುವುದಿಲ್ಲ, ಗುನುಗನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಅಲ್ಲಿ ಶುರುವಿನಲ್ಲಿ ಭೂಮಿಯಿಂದ ಬಂದ ನಾಯಕಿಗೂ ಆ ಗ್ರಹದ ನಾಯಕನಿಗೂ ಒಂದೇ ಭಾಷೆ ಇಲ್ಲ. ಕೈಸನ್ನೆ, ಊಟ, ಚಳಿ ಇಷ್ಟರಲ್ಲೇ ಒಬ್ಬರನ್ನೊಬ್ಬರು ಓದಿಕೊಳ್ಳಬೇಕು. ಎರಡನೇ ಪುಸ್ತಕದ ನಾಯಕಿಯಂತೂ ಈ ಗುನುಗಿಗೆ ಎದುರು ನಿಲ್ಲುತ್ತಾಳೆ. ನನ್ನ ಎದೆ ಹೇಳಿದ್ದನ್ನೆಲ್ಲ ನಾನು ಯಾಕೆ ಕೇಳಬೇಕು ಅನ್ನುವ ಜಗಳ ಆ ಸರಣಿಯ ಒಳಗೇ ಇದೆ.

ಮೂವತ್ತು ವರ್ಷಕ್ಕೂ ಹಿಂದೆ ಹೀಗಿರಲಿಲ್ಲ. ಜೋಹಾನಾ ಲಿಂಡ್ಸೆ 1990ರಲ್ಲಿ 'ವಾರಿಯರ್ಸ್ ವುಮನ್' ಬರೆದರು. ಈ ಬಗೆಯ ಕಾದಂಬರಿಯ ಹಳೆಯ ಓದುಗರಿಗೆಲ್ಲ ಗೊತ್ತಿರುವ ಪುಸ್ತಕ. ಅದರ ನಾಯಕ ಹೆಸರಿಗೆ ಬೇರೆ ಗ್ರಹದವನು, ನೋಡಲು ಹೊಂಗೂದಲಿನ ಎತ್ತರದ ಯೋಧ. ಕತ್ತಿ ಹಿಡಿದ ಹಳೇ ಕಾಲದ ನಾಯಕನನ್ನೇ ನಕ್ಷತ್ರದ ಆಚೆ ನಿಲ್ಲಿಸಿದ ಹಾಗೆ. ಪಂದ್ಯದಲ್ಲಿ ಸೋತ ನಾಯಕಿ ಅವನ ಸೇವೆ ಮಾಡಬೇಕು ಅನ್ನುವುದು ಅಲ್ಲಿನ ಕಟ್ಟಳೆ. ಓದಿಸಿಕೊಂಡು ಹೋಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಗ್ರಹದ ಹೆಸರು ತೆಗೆದು ಒಂದು ದ್ವೀಪದ ಹೆಸರು ಹಾಕಿದರೂ ಕತೆ ಅಲ್ಲಾಡುವುದಿಲ್ಲ. ಹೊಸ ಹಸ್ತಪ್ರತಿ ಬಂದಾಗ ನಾನು ಮಾಡುವ ಮೊದಲ ಪರೀಕ್ಷೆ ಇದೇ. ನಾಯಕನ ಕೋಡು, ಬಾಲ, ನೀಲಿ ಬಣ್ಣ ಎಲ್ಲ ತೆಗೆದುಬಿಡಿ. ಕತೆ ಇದ್ದಹಾಗೇ ಇದೆಯಾ? ಹಾಗಾದರೆ ಅವನು ಏಲಿಯನ್ ಅಲ್ಲ, ವೇಷ.

ಏಲಿಯನ್ ನಾಯಕನ ದೊಡ್ಡ ಶಕ್ತಿ ಅವನ ತೋಳಲ್ಲಿಲ್ಲ. ಅವನಿಗೆ ನಮ್ಮ ಯಾವ ರೂಢಿಯೂ ಗೊತ್ತಿಲ್ಲ, ಶಕ್ತಿ ಇರುವುದು ಅಲ್ಲಿ. ನಮ್ಮ ಗಂಡಸು 'ಗೊತ್ತಿದೆ' ಅಂತ ಕೇಳದೆ ಬಿಡುವುದನ್ನೆಲ್ಲ ಅವನು ಕೇಳಲೇಬೇಕು. ನಿನಗೆ ಈಗ ನೋವಾಯಿತಾ? ಸುಮ್ಮನಿದ್ದರೆ ಒಪ್ಪಿಗೆ ಅಂತ ಅರ್ಥವಾ, ಸಿಟ್ಟು ಅಂತ ಅರ್ಥವಾ? ಬೇರೆ ಯಾವ ಬಗೆಯ ಪ್ರೇಮಕತೆಯಲ್ಲೂ ಇಷ್ಟು ಸಹಜವಾಗಿ ಈ ಪ್ರಶ್ನೆಗಳು ಬರುವುದಿಲ್ಲ. ಇದನ್ನು ಕೈಯಾರೆ ಬಿಸಾಡುವ ಇನ್ನೊಂದು ಉಪಾಯವೂ ಇದೆ. 12ನೇ ಪುಟದಲ್ಲಿ ಅವಳ ಕಿವಿಗೆ ಒಂದು ಅನುವಾದದ ಚಿಪ್ ಹಾಕಿಬಿಡುವುದು. ಅಲ್ಲಿಂದ ಆಚೆ ಅವನು ಅಮೆರಿಕದ ಓಹಾಯೋದಲ್ಲಿ ಓದಿದವನ ಹಾಗೆ ಮಾತಾಡುತ್ತಾನೆ.

ಇಲ್ಲೊಂದು ಪ್ರಸಂಗ ಹೇಳಬೇಕು. ಆ ಲೇಖಕಿಯ ಅನುಮತಿ ಕೇಳಿಕೊಂಡಿದ್ದೇನೆ, ಹೆಸರು ಬೇಡ ಅಂದಿದ್ದಾರೆ. ವೃತ್ತಿಯಲ್ಲಿ ನರ್ಸ್. ವಿಡಿಯೋ ಕಾಲ್‌ನಲ್ಲಿ ಅವರ ಮೂರನೇ ಅಧ್ಯಾಯದ ಬಗ್ಗೆ ಮಾತಾಡುತ್ತಿದ್ದೆವು. ಅವರು ಹೇಳುತ್ತಿದ್ದರು, ನಾನು ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ ತಲೆ ಆ ಕಡೆ ಈ ಕಡೆ ಆಡಿಸುತ್ತಾ ಕೇಳುತ್ತಿದ್ದೆ. ಅವರು ಮಾತು ನಿಲ್ಲಿಸಿದರು. "ಅದು ಹೌದು ಅಂತಲೋ, ಅಲ್ಲ ಅಂತಲೋ?" ಅಂದರು. ಎರಡು ವರ್ಷದಿಂದ ನನ್ನ ಜೊತೆ ಕೆಲಸ ಮಾಡುತ್ತಿದ್ದಾರೆ. ಅಷ್ಟೂ ದಿನ ಅವರಿಗೆ ಆ ಅನುಮಾನ ಇತ್ತಂತೆ, ಕೇಳಲು ಸಂಕೋಚ ಪಟ್ಟಿದ್ದರು. ನಾನು ಬಿಡಿಸಿ ಹೇಳಿದೆ. ಕೆಲವು ಸಲ ಅದು ಹೌದು. ಕೆಲವು ಸಲ ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ. ಕೆಲವು ಸಲ ನೋಡೋಣ ಬಿಡಿ.

ವಾರ ಕಳೆದು ಆ ಅಧ್ಯಾಯ ಹೊಸದಾಗಿ ಬಂತು. ಚಿಪ್ ಹೋಗಿತ್ತು. ಗಾಯಗೊಂಡ ನಾಯಕಿ ಗುಹೆಯೊಳಗೆ ಇದ್ದಾಳೆ. ಬಾಗಿಲಲ್ಲಿ ನಿಂತ ನಾಯಕ ಒಳಗೆ ಬರಲಾ ಅನ್ನುವ ಹಾಗೆ ಕೈ ಚಾಚುತ್ತಾನೆ. ಅವಳು ಹೂಂ ಅಂತ ಗಲ್ಲ ತಗ್ಗಿಸುತ್ತಾಳೆ. ಅವನ ಜನರಲ್ಲಿ ಗಲ್ಲ ತಗ್ಗಿಸಿದರೆ 'ಹತ್ತಿರ ಬರಬೇಡ' ಅಂತ ಅರ್ಥ. ಅವನು ಹಿಂದೆ ಸರಿದು ಹೊರಗೆ ಗಾಳಿಯಲ್ಲಿ ಕೂರುತ್ತಾನೆ. ಮೂರು ದಿನ. ಊಟವನ್ನು ಹೊಸ್ತಿಲ ಮೇಲಿಟ್ಟು ಸರಿಯುತ್ತಾನೆ. ನಾನೆಂದರೆ ಇವನಿಗೆ ಅಸಹ್ಯ ಅಂತ ಅವಳು ಅಂದುಕೊಂಡಿದ್ದಾಳೆ. ಮೂರನೇ ದಿನ ಬಟ್ಟಲು ತಗೊಳ್ಳಲು ಬಂದವಳು ಅವನ ಬೆರಳು ಚಳಿಗೆ ಬಿರಿದಿರುವುದನ್ನು ನೋಡುತ್ತಾಳೆ. ಈ ನಾಲ್ಕು ಪುಟ ಓದಿದ ಮೇಲೆ ನನಗೆ ಆ ಗುರುತು ಹೊಳೆಯುತ್ತದೋ ಬಿಡುತ್ತದೋ ಬೇಕಾಗಲಿಲ್ಲ. ಅವನು 'ಬೇಡ' ಅನ್ನುವುದನ್ನು ಎಷ್ಟು ಗೌರವಿಸುತ್ತಾನೆ ಅಂತ ನನಗೆ ಗೊತ್ತಾಗಿತ್ತು. ಅದೂ ಅವಳು ಬೇಡ ಅನ್ನದೇ ಇದ್ದಾಗ.

ಗ್ರಹವೂ ಹೀಗೇ ಕೆಲಸ ಮಾಡಬೇಕು. ಮೂರು ಚಂದ್ರ, ನೇರಳೆ ಆಕಾಶ ಅಂತ ಎರಡು ಪುಟ ಬರೆದು ಆಮೇಲೆ ಮರೆತುಬಿಡುತ್ತಾರೆ. ಒಂದೇ ಒಂದು ವಿಷಯ ತಗೊಂಡು ಕೊನೆ ತನಕ ಹಿಡಿದುಕೊಂಡರೆ ಸಾಕು. 2016ರಲ್ಲಿ ಪತ್ತೆಯಾದ ಪ್ರಾಕ್ಸಿಮಾ ಬಿ ಅನ್ನುವ ಗ್ರಹ ಇದೆ. ನಮ್ಮಿಂದ ಸುಮಾರು 4.2 ಜ್ಯೋತಿರ್ವರ್ಷ ದೂರ. ತನ್ನ ನಕ್ಷತ್ರವನ್ನು 11 ದಿನ ಚಿಲ್ಲರೆಯಲ್ಲಿ ಒಂದು ಸುತ್ತು ಹಾಕುತ್ತದೆ. ಅದರ ಒಂದೇ ಮುಖ ಯಾವಾಗಲೂ ನಕ್ಷತ್ರದ ಕಡೆಗಿರುವ ಸಾಧ್ಯತೆ ಹೆಚ್ಚು ಅನ್ನುತ್ತಾರೆ, ನಮ್ಮ ಚಂದ್ರನ ಒಂದೇ ಮುಖ ನಮಗೆ ಕಾಣುವ ಹಾಗೆ. ಅಂದರೆ ಒಂದು ಕಡೆ ಸದಾ ಹಗಲು, ಇನ್ನೊಂದು ಕಡೆ ಸದಾ ರಾತ್ರಿ. ಬೆಳಗಾಗುವುದು ಅಂತ ಒಂದಿಲ್ಲ.

ಈಗ ಅಂಥ ಗ್ರಹದ ನಾಯಕ ತನ್ನ ಮನಸ್ಸಿನ ಮಾತು ಹೇಳಿ, ನಿನಗೆ ಒಪ್ಪಿಗೆಯಾ ಅಂತ ಕೇಳುತ್ತಾನೆ ಅಂತಿಟ್ಟುಕೊಳ್ಳಿ. ನಾಯಕಿ "ನಾಳೆ ಹೇಳ್ತೀನಿ" ಅನ್ನುತ್ತಾಳೆ. ಅವನಿಗೆ ನಾಳೆ ಅಂದರೆ ಏನು? ಅವನ ಊರಲ್ಲಿ ಆ ಪದವೇ ಇರಲಿಕ್ಕಿಲ್ಲ. ಅವಳು ಮಲಗಿ ಎದ್ದರೆ ನಾಳೆಯಾ? ನಡುವೆ ಒಂದು ಸಣ್ಣ ನಿದ್ದೆ ಮಾಡಿ ಎದ್ದಾಗ ಅವನು ಎದುರಿಗೆ ಕೂತಿದ್ದರೆ? ವಿಜ್ಞಾನವೂ ಅಲ್ಲೇ ಬಂತು, ಪ್ರೀತಿಯೂ ಅಲ್ಲೇ ಬಂತು. ಇದನ್ನು ಯಾರು ಬೇಕಾದರೂ ಬರೆಯಿರಿ, ನನಗೇನೂ ಅಭ್ಯಂತರ ಇಲ್ಲ.

ನಾಯಕಿಯ ವಿಷಯದಲ್ಲೂ ಒಂದು ಕೊರತೆ ಕಾಡುತ್ತದೆ. ಅಪಹರಣವಾಗಿ ಬಂದವಳು ಮೂರು ಅಧ್ಯಾಯದಲ್ಲಿ ಭೂಮಿಯನ್ನೇ ಮರೆಯುತ್ತಾಳೆ. ಕೆಲವರು ಅದಕ್ಕೆ ಅಂತಲೇ ಅವಳನ್ನು ಅನಾಥೆ ಮಾಡಿಬಿಡುತ್ತಾರೆ, ಅಳುವ ಕೆಲಸ ತಪ್ಪಲಿ ಅಂತ. ಪಕ್ಕದ ಊರಿಗೆ ಮದುವೆಯಾಗಿ ಹೋದವಳೇ ಬೀಸುವ ಕಲ್ಲಿನ ಮುಂದೆ ಕೂತು ತವರನ್ನು ಹಾಡಿದ ನಾಡು ನಮ್ಮದು. ಗ್ರಹ ದಾಟಿ ಹೋದವಳಿಗೆ ತವರು ನೆನಪಾಗುವುದಿಲ್ವಾ? ನಮ್ಮ ಹುಡುಗಿಯರು ಈ ಒಂದು ಜಾಗದಲ್ಲಿ ಅಮೆರಿಕದವರಿಗಿಂತ ಚೆನ್ನಾಗಿ ಬರೆಯಬಲ್ಲರು ಅನ್ನುವ ನಂಬಿಕೆ ನನಗಿದೆ. ಸೂಸನ್ ಗ್ರ್ಯಾಂಟ್ ಅನ್ನುವ ಅಮೆರಿಕದ ಲೇಖಕಿ ತಮ್ಮ ವಿಮಾನ ಹಾರಿಸಿದ ಅನುಭವವನ್ನು ಬಾಹ್ಯಾಕಾಶದ ಪ್ರೇಮಕತೆಗಳಿಗೆ ತಂದರು. ಅವರ 2000ದ 'ದಿ ಸ್ಟಾರ್ ಕಿಂಗ್' ನಾಯಕಿಗೆ ಬೆಳೆದ ಮಕ್ಕಳಿದ್ದಾರೆ, ಹಿಂದೆ ಬಿಟ್ಟುಬಂದ ಬದುಕಿದೆ. ಅವರು ಕಾಕ್‌ಪಿಟ್ ತಂದ ಹಾಗೆ ನೀವು ತವರನ್ನು ತನ್ನಿ.

ಎಲ್ಲ ಪುಸ್ತಕಕ್ಕೂ ಇದು ಸರಿಹೊಂದುತ್ತದೆ ಅಂತ ನಾನು ಹೇಳುತ್ತಿಲ್ಲ. ಬರೀ ಮೋಜಿಗೆ ಬರೆದದ್ದು, ಓದಿದ್ದು ಇರುತ್ತದೆ, ಇರಲಿ. ನಾನು ಹೇಳುವುದು ನನ್ನ ಮೇಜಿಗೆ ಬಂದವುಗಳ ಬಗ್ಗೆ.

ಮೊದಲು ಹೇಳಿದ ಹಸ್ತಪ್ರತಿಯ 31ನೇ ಪುಟದ ಅಂಚಿನಲ್ಲಿ ನಾನು ಬರೆದದ್ದು ಇಷ್ಟೇ: "ಅವನಿಗೆ ಗೊತ್ತಾಯಿತು. ಸರಿ. ಅವಳನ್ನು ಯಾವಾಗ ಕೇಳುತ್ತಾನೆ?" ಲೇಖಕಿ ಎರಡು ವಾರ ಉತ್ತರ ಕೊಡಲಿಲ್ಲ. ಬೇಜಾರಾಗಿರಬೇಕು ಅಂದುಕೊಂಡೆ. ಆಮೇಲೆ ಹೊಸ ಡ್ರಾಫ್ಟ್ ಬಂತು. ಈಗಲೂ 31ನೇ ಪುಟದಲ್ಲಿ ಗುರುತು ಹೊಳೆಯುತ್ತದೆ. ಅವನು ಅದು ಅವಳಿಗೆ ಕಾಣದ ಹಾಗೆ ಎದೆಗೆ ಚರ್ಮದ ಪಟ್ಟಿ ಬಿಗಿದುಕೊಂಡು ಅವಳ ಹೆಸರು ಕೇಳುತ್ತಾನೆ. ನೂರೈವತ್ತು ಪುಟ ಆದಮೇಲೆ ಅವಳಿಗೆ ವಿಷಯ ತಿಳಿಯುತ್ತದೆ. ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಅಂತ ದೊಡ್ಡ ಜಗಳ. "ಇದನ್ನು ನೋಡಿದ್ದರೆ ನೀನು ಇಲ್ಲ ಅನ್ನಲು ಹೆದರುತ್ತಿದ್ದೆ" ಅನ್ನುತ್ತಾನೆ ಅವನು. ಅವಳಿಗೆ ಆ ಉತ್ತರವೂ ಪೂರ್ತಿ ಒಪ್ಪಿಗೆ ಆಗುವುದಿಲ್ಲ, ಎದ್ದು ಹೋಗುತ್ತಾಳೆ. ಸೇನಾಪತಿಯ ಯುದ್ಧ ಈಗ ನಲವತ್ತು ಪುಟಕ್ಕೆ ಇಳಿದಿದೆ.